ಕಾರ್ಡ್ ಮಾಡಿಸಿ ಮೂರು ವರ್ಷ, ಕರೆ ಮಾತ್ರ ಇಲ್ಲ

ಕಾಪುವಿನ ಓದುಗರೊಬ್ಬರು ಬರೆದಿದ್ದಾರೆ: "ಬಿ.ಕಾಂ. ಮುಗಿಸಿ ಮೂರು ವರ್ಷದ ಹಿಂದೆ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿದೆ. ಒಂದು ಕರೆಯೂ ಬಂದಿಲ್ಲ. ಈಗ ಮಂಗಳೂರಿನ ಕನ್ಸಲ್ಟೆನ್ಸಿಯೊಂದು 5,000 ರೂಪಾಯಿ ಕಟ್ಟಿದರೆ ಕೆಲಸ ಗ್ಯಾರಂಟಿ ಅನ್ನುತ್ತಿದೆ. ತಮ್ಮನಿಗೆ ಗಲ್ಫ್ ಏಜೆಂಟ್ ಸಿಕ್ಕಿದ್ದಾನೆ. ಇವರಿಂದ ನಿಜವಾಗಿ ಯಾರಿಗಾದರೂ ಕೆಲಸ ಸಿಗುತ್ತದಾ, ಅಥವಾ ಸುಮ್ನೆ ಹೆಸರು ಬರೆದುಕೊಳ್ಳುತ್ತಾರಾ? ಮನೆಯಲ್ಲಿ ಬೆಂಗಳೂರಿಗೆ ಕಳಿಸುವುದಿಲ್ಲ."

ಸಂಪಾದಕರ ಉತ್ತರ:

ಸಿಗುತ್ತದೆ. ಆದರೆ ಅವರು ಮಾಡಬಹುದಾದದ್ದು ಸಂದರ್ಶನದವರೆಗೆ ನಿಮ್ಮನ್ನು ತಲುಪಿಸುವುದು, ಅಷ್ಟೇ. ಆ ಕೆಲಸಕ್ಕೆ ದುಡ್ಡು ಯಾರ ಜೇಬಿನಿಂದ ಹೋಗುತ್ತಿದೆ ಎಂದು ಮೊದಲು ನೋಡಿ. ಅರ್ಧ ಸಂಶಯ ಅಲ್ಲೇ ತೀರುತ್ತದೆ.

ಸರ್ಕಾರಿ ಕಚೇರಿಯಿಂದಲೇ ಶುರು ಮಾಡೋಣ. ಖಾಲಿ ಹುದ್ದೆಗಳನ್ನು ವಿನಿಮಯ ಕಚೇರಿಗೆ ತಿಳಿಸಲೇಬೇಕು ಎಂದು 1959ರಲ್ಲಿ ಕಾಯ್ದೆ ಬಂತು. ಸರ್ಕಾರಿ ಸಂಸ್ಥೆಗಳಿಗೂ, 25 ಅಥವಾ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಗಳಿಗೂ ಅದು ಅನ್ವಯವಾಗುತ್ತಿತ್ತು. ತಿಳಿಸಬೇಕಿತ್ತು, ನಿಜ. ಅಲ್ಲಿಂದಲೇ ಜನ ತೆಗೆದುಕೊಳ್ಳಬೇಕು ಎಂದು ಮಾತ್ರ ಕಾಯ್ದೆ ಹೇಳಲಿಲ್ಲ. ವಿನಿಮಯ ಕಚೇರಿಯ ಪಟ್ಟಿಯೊಂದೇ ಸಾಲದು, ಪತ್ರಿಕೆಯಲ್ಲೂ ಪ್ರಕಟಿಸಿ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಬ್ಯಾಂಕು, ಕೆಪಿಎಸ್‌ಸಿ ಎಲ್ಲ ನೇರ ಅರ್ಜಿ, ನೇರ ಪರೀಕ್ಷೆ. ನಮ್ಮ ಅಪ್ಪಂದಿರ ಕಾಲದ ಹಾಗೆ ಸೀನಿಯಾರಿಟಿ ಬಂದಾಗ ಮನೆಗೆ ಕಾರ್ಡು ಬರುತ್ತದೆ ಎಂದು ಕಾಯುವುದು ಇನ್ನು ಬೇಡ.

ಹಾಗಂತ ಆ ಕಚೇರಿ ದಂಡ ಅಲ್ಲ. ಮಣಿಪಾಲದ ರಜತಾದ್ರಿಗೆ, ಅಂದರೆ ಜಿಲ್ಲಾ ಕಚೇರಿಗಳ ಸಂಕೀರ್ಣಕ್ಕೆ, ಒಮ್ಮೆ ಹೋಗಿ ನಿಮ್ಮ ದಾಖಲೆ ತೆರೆಸಿ ನೋಡಿ. ಮೂರು ವರ್ಷ ಅಂದಿರಲ್ಲ, ನವೀಕರಣದ ದಿನ ದಾಟಿದ್ದರೆ ಹೆಸರು ಚಾಲ್ತಿ ಪಟ್ಟಿಯಿಂದಲೇ ಹೋಗಿರಬಹುದು. ಫೋನ್ ನಂಬರ್ ಹಳೆಯ ಸಿಮ್ಮಿನದೇ ಇದೆಯಾ ನೋಡಿ. ಕಾಲೇಜಿನಲ್ಲಿದ್ದಾಗಿನ ಸಿಮ್ ಬಿಸಾಡಿ, ಕರೆ ಬರಲಿಲ್ಲ ಎಂದು ಬೈಯುವವರು ಬೇಕಾದಷ್ಟು ಜನ. ಆಮೇಲೆ ಮುಖ್ಯವಾದದ್ದು: ನಿಮ್ಮ ಹೆಸರಿನ ಮುಂದೆ ಏನೆಂದು ಬರೆದಿದೆ? ಬರೀ 'ಬಿ.ಕಾಂ.' ಎಂದಿದ್ದರೆ ನಿಮ್ಮಂಥವರ ದೊಡ್ಡ ಸಾಲೇ ಇದೆ. ಟ್ಯಾಲಿ ಬರುತ್ತದಾ? ಜಿಎಸ್‌ಟಿ ರಿಟರ್ನ್ ತುಂಬಿದ ಅನುಭವ ಇದೆಯಾ? ತುಳು, ಕೊಂಕಣಿ, ಹಿಂದಿ ಮಾತಾಡುತ್ತೀರಾ? ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿಗೆ ಜನ ಹುಡುಕುವವರಿಗೆ ಈ ಭಾಷೆಗಳೇ ಡಿಗ್ರಿಗಿಂತ ಜಾಸ್ತಿ ಬೇಕಾಗಬಹುದು. ಅದನ್ನೆಲ್ಲ ಬರೆಸಿ. ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿದ ನ್ಯಾಷನಲ್ ಕೆರಿಯರ್ ಸರ್ವಿಸ್, ರಾಜ್ಯದ ಸ್ಕಿಲ್ ಕನೆಕ್ಟ್, ಈ ಎರಡು ಉದ್ಯೋಗ ಪೋರ್ಟಲುಗಳಲ್ಲೂ ನೋಂದಣಿಗೆ ಒಂದು ಪೈಸೆ ಇಲ್ಲ.

ಇನ್ನು ಆ 5,000 ರೂಪಾಯಿ. ಕಟ್ಟಬೇಡಿ.

ನೆಟ್ಟಗೆ ವ್ಯವಹಾರ ಮಾಡುವ ಕನ್ಸಲ್ಟೆನ್ಸಿ ದುಡ್ಡು ತೆಗೆದುಕೊಳ್ಳುವುದು ಕಂಪನಿಯಿಂದ. ಸಾಮಾನ್ಯ ದರ ವರ್ಷದ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳ. ಕಳಿಸಿದವರು ಎರಡು ಮೂರು ತಿಂಗಳಲ್ಲೇ ಬಿಟ್ಟುಹೋದರೆ ಬೇರೆಯವರನ್ನು ಪುಕ್ಕಟೆ ಕಳಿಸಬೇಕು ಎಂಬ ಕರಾರೂ ಹೆಚ್ಚಾಗಿ ಇರುತ್ತದೆ. ಹಾಗಾಗಿ ಅಂಥವರು ನಿಮ್ಮನ್ನು ಕೂರಿಸಿ ಪ್ರಶ್ನೆ ಕೇಳುತ್ತಾರೆ: ರಾತ್ರಿ ಶಿಫ್ಟ್ ಆಗುತ್ತದಾ, ಹಿಂದಿನ ಕೆಲಸ ಯಾಕೆ ಬಿಟ್ಟಿರಿ, ಬಸ್ಸಿಗೆ ಎಷ್ಟು ಹೊತ್ತು ಬೇಕು. ಕಿರಿಕಿರಿ ಅನ್ನಿಸಿದರೂ ಉತ್ತರ ಕೊಡಿ. ನೀವು ಅಲ್ಲಿ ಉಳಿಯುತ್ತೀರಾ ಎಂಬುದು ಅವರಿಗೂ ಹೊಟ್ಟೆಪಾಡಿನ ಪ್ರಶ್ನೆ. ನಿಮ್ಮಿಂದಲೇ ಮೊದಲು ದುಡ್ಡು ತೆಗೆದುಕೊಂಡವನಿಗೆ ಆ ಚಿಂತೆ ಇಲ್ಲ, ಅಲ್ವಾ? ನೀವು ಸೇರಿದರೂ ಅವನಿಗೆ ಲಾಭ, ಸೇರದಿದ್ದರೂ ಲಾಭ. ಅಲ್ಲದೆ, ಬೇರೆ ಕಂಪನಿಯಲ್ಲಿ ಕೆಲಸ ಗ್ಯಾರಂಟಿ ಅನ್ನಲು ಅವನು ಯಾರು?

ಒಂದು ಮಾತು ಹೇಳಲೇಬೇಕು. ಹೊಸಬರಿಗೆ ಕನ್ಸಲ್ಟೆನ್ಸಿಯಿಂದ ಉಪಯೋಗ ಸ್ವಲ್ಪ ಕಡಿಮೆಯೇ. ಅನುಭವ ಇದ್ದವರನ್ನು ಹುಡುಕಿಕೊಡಿ ಎಂದು ಕಂಪನಿ ದುಡ್ಡು ಕೊಡುತ್ತದೆ, ಹೊಸಬರನ್ನು ಅದೇ ನೇರವಾಗಿ ಕರೆಯುತ್ತದೆ. ನಿಮಗೆ ಉದ್ಯೋಗ ಮೇಳವೇ ವಾಸಿ. ಮೂಡುಬಿದಿರೆಯ ಆಳ್ವಾಸ್ ಪ್ರಗತಿಯಂಥ ಮೇಳದಲ್ಲಿ ಅಭ್ಯರ್ಥಿಗಳಿಗೆ ಪ್ರವೇಶ ಉಚಿತ, ಒಂದೇ ಕ್ಯಾಂಪಸ್ಸಿನಲ್ಲಿ ಹತ್ತಾರು ಕಂಪನಿಗಳನ್ನು ಮಾತಾಡಿಸಬಹುದು. ಉದ್ದ ಸಾಲು ನೋಡಿ ಅಲ್ಲೇ ನಿಲ್ಲಬೇಡಿ. ದೊಡ್ಡ ಹೆಸರಿನ ಸ್ಟಾಲಿನ ಮುಂದೆ ಮಧ್ಯಾಹ್ನದವರೆಗೆ ಫೈಲ್ ಹಿಡಿದು ನಿಂತು, ಪಕ್ಕದಲ್ಲಿ ಅಕೌಂಟ್ಸಿಗೆ ಜನ ಕೇಳುತ್ತಿದ್ದ ಸಣ್ಣ ಕಂಪನಿಯನ್ನು ತಿರುಗಿಯೂ ನೋಡದೆ ಬಸ್ಸು ಹತ್ತುವವರಿದ್ದಾರೆ. ಸೈಬರಿನಲ್ಲಿ ಟೈಪ್ ಮಾಡಿಸಿದ ರೆಸ್ಯೂಮಿನ ಮೊದಲ ಪ್ಯಾರಾ, ಆ 'ಸವಾಲಿನ ವಾತಾವರಣದಲ್ಲಿ ದುಡಿಯುವ ಆಸೆ', ಎಲ್ಲರದ್ದೂ ಒಂದೇ. ಅದನ್ನು ತೆಗೆದು, ಬರುವ ಕೆಲಸ ಏನೆಂದು ಬರೆಯಿರಿ.

ತಮ್ಮನ ವಿಷಯಕ್ಕೆ ಲೆಕ್ಕ ಬೇರೆ. ಹೊರದೇಶಕ್ಕೆ ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಾಯಿತನಾಗಿರಬೇಕು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಅವನ ಹೆಸರಿದೆಯಾ ನೋಡಿ. ಇಲ್ಲಿ ಅಭ್ಯರ್ಥಿಯಿಂದ ಸೇವಾಶುಲ್ಕ ಪಡೆಯಲು ಕಾನೂನೇ ಬಿಟ್ಟಿದೆ, ಆದರೆ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ರಸೀದಿ ಕೇಳಿ. ಲಕ್ಷದ ಮಾತಾಡಿದರೆ ಎದ್ದು ಬನ್ನಿ. 'ಈಗ ವಿಸಿಟ್ ವೀಸಾದಲ್ಲಿ ಹೋಗಲಿ, ಅಲ್ಲಿ ಬದಲಾಯಿಸೋಣ' ಅಂದರೂ ಅಷ್ಟೇ.

ಮನೆಯಲ್ಲಿ ಬೆಂಗಳೂರಿಗೆ ಬಿಡುವುದಿಲ್ಲ ಎಂದು ನಮಗೆ ಬರೆದಿದ್ದೀರಿ. ಕಚೇರಿಯವರಿಗೆ ಹೇಳಿದ್ದೀರಾ? ಹೇಳದಿದ್ದರೆ ಅವರು ಬೆಂಗಳೂರಿನ ಕೆಲಸಕ್ಕೂ ಹೆಸರು ಕಳಿಸುತ್ತಾರೆ, ನೀವು ಹೋಗುವುದಿಲ್ಲ, ಮುಂದಿನ ಸಲ ಕರೆಯುವ ಉತ್ಸಾಹ ಅವರಿಗೂ ಇರುವುದಿಲ್ಲ. ಉಡುಪಿಯಿಂದ ಮಂಗಳೂರಿನವರೆಗೆ ಎಲ್ಲಾದರೂ ಸರಿ ಎಂದು ಸ್ಪಷ್ಟವಾಗಿ ಬರೆಸಿ. ಬೈಕಂಪಾಡಿಯ ಕೈಗಾರಿಕಾ ಪ್ರದೇಶಕ್ಕೆ ಕಾಪುವಿನಿಂದ ಹೆದ್ದಾರಿಯಲ್ಲಿ ಒಂದೇ ಬಸ್ಸು. ರಜತಾದ್ರಿಗೆ ಹೋಗುವಾಗ ಮಾರ್ಕ್ಸ್ ಕಾರ್ಡ್, ಆಧಾರ್, ಹಳೆಯ ನೋಂದಣಿ ಕಾರ್ಡ್ ಮೂರೂ ಜೊತೆಗಿರಲಿ. ಜೆರಾಕ್ಸ್ ಕಾಪುವಿನಲ್ಲೇ ಮಾಡಿಸಿಕೊಂಡು ಹೋಗಿ.