ಹಾಸನದ ನರ್ಸ್ ಒಬ್ಬರ ಲೇಖನಕ್ಕೆ ಸಂಪಾದಕರ ಉತ್ತರ

ಮಾನ್ಯರೆ,

ನಮಸ್ಕಾರ. ‘ಶಿಶು ಶುಶ್ರೂಷೆ ಮತ್ತು ಮಗುವಿನ ಬೆಳವಣಿಗೆ: ಮೂಲ ಪರಿಕಲ್ಪನೆಗಳು’ ಎಂಬ ನಿಮ್ಮ ಲೇಖನ ತಲುಪಿದೆ. ಹಾಸನದಲ್ಲಿ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆಂದು ಜೊತೆಯ ಪತ್ರದಲ್ಲಿ ಬರೆದಿದ್ದೀರಿ. ಲೇಖನ ಓದಿದವರಿಗೆ ಮಾತ್ರ ಅದು ಎಲ್ಲಿಯೂ ಗೊತ್ತಾಗುವುದಿಲ್ಲ, ನಮ್ಮ ದೊಡ್ಡ ತಕರಾರು ಅದೇ. ಹೀಗೇ ಇದ್ದರೆ ಪ್ರಕಟಿಸಲು ಆಗದು. ತಿದ್ದಿ ಕಳಿಸಿ ಎನ್ನುವಷ್ಟು ಸರಕಂತೂ ಇದೆ.

ಮೊದಲ ಅರ್ಧ ಭಾಗ ವ್ಯಾಖ್ಯೆಗಳಿಗೇ ಹೋಗಿದೆ. ಆಮೇಲೆ ಫ್ರಾಯ್ಡ್, ಎರಿಕ್ಸನ್, ಪಿಯಾಜೆ ಈ ಮೂವರು ಮನೋವಿಜ್ಞಾನಿಗಳು ಹೇಳಿದ ಮಗುವಿನ ವಿಕಾಸದ ಹಂತಗಳ ಕೋಷ್ಟಕ. ನರ್ಸಿಂಗ್ ಪರೀಕ್ಷೆಯಲ್ಲಿ ಇದಕ್ಕೆ ಒಳ್ಳೆಯ ಅಂಕ ಸಿಗಬಹುದು. ನಮ್ಮ ಪುಟ ಓದುವವರು ತಾಯಿ ಕಾರ್ಡ್ ಹಿಡಿದುಕೊಂಡು ಅಂಗನವಾಡಿಗೆ ಹೋಗಿಬರುವ ತಾಯಂದಿರು, ಆಶಾ ಕಾರ್ಯಕರ್ತೆಯರು, ಈಗಷ್ಟೇ ವಾರ್ಡಿಗೆ ಕಾಲಿಟ್ಟ ನರ್ಸಿಂಗ್ ವಿದ್ಯಾರ್ಥಿಗಳು. ದೇಹದ ಗಾತ್ರ ಹೆಚ್ಚುವುದು ಬೆಳವಣಿಗೆ, ಕೆಲಸ ಮಾಡುವ ಸಾಮರ್ಥ್ಯ ಹೆಚ್ಚುವುದು ವಿಕಾಸ. ಇಷ್ಟು ಹೇಳಿ ಮುಂದೆ ಹೋಗಿ. ಕೋಷ್ಟಕ ಪೂರ್ತಿ ತೆಗೆಯಿರಿ. ಎರಿಕ್ಸನ್ ಬೇಕೇ ಬೇಕು ಅನ್ನಿಸಿದರೆ ಒಂದು ಕಡೆ ಉಳಿಸಿಕೊಳ್ಳಬಹುದು: 1ರಿಂದ 3 ವರ್ಷದ ಮಗುವಿಗೆ ‘ನಾನೇ ಮಾಡ್ತೀನಿ’ ಅನ್ನುವ ಹಟ ಎಂದು ಬರೆದಿರುವ ಕಡೆ. ಅದರ ಬೆನ್ನಿಗೇ ವಾರ್ಡಿನ ಮಾತು ಬರಲಿ. ಆ ವಯಸ್ಸಿನ ಮಗುವನ್ನು ‘ಇಂಜೆಕ್ಷನ್ ಕೊಡ್ಲಾ ಪುಟ್ಟಾ?’ ಎಂದು ಕೇಳಬಾರದು. ‘ಬೇಡ’ ಅನ್ನುತ್ತದೆ, ನೀವು ಕೊಟ್ಟೇ ಕೊಡುತ್ತೀರಿ, ಮುಂದಿನ ಸಲ ಬಿಳಿ ಬಟ್ಟೆ ಕಂಡರೇ ಕಿರುಚುತ್ತದೆ. ‘ಅಮ್ಮನ ತೊಡೆ ಮೇಲೆ ಕೂತ್ಕೋತೀಯಾ, ಮಂಚದ ಮೇಲಾ?’ ಎಂದು ಕೇಳಿದರೆ ಆರಿಸುವ ಹಕ್ಕು ಮಗುವಿನದು, ಇಂಜೆಕ್ಷನ್ನೂ ತಪ್ಪುವುದಿಲ್ಲ.

ಹಾಗೆಯೇ ‘ಮಗುವನ್ನು ತಲೆಯಿಂದ ಪಾದದವರೆಗೆ ಕ್ರಮವಾಗಿ ಪರೀಕ್ಷಿಸಬೇಕು’ ಎಂದಿದ್ದೀರಿ. ದೊಡ್ಡವರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ ಸರಿ. ಒಂದೂವರೆ ವರ್ಷದ ಮಗುವಿನ ಕಿವಿಗೆ, ಗಂಟಲಿಗೆ ಮೊದಲೇ ಕೈ ಹಾಕಿದರೆ ಆಮೇಲೆ ಏನನ್ನೂ ನೋಡಲು ಬಿಡುವುದಿಲ್ಲ. ಅದು ತಾಯಿಯ ಮಡಿಲಲ್ಲಿ ಸುಮ್ಮನಿರುವಾಗಲೇ, ಮುಟ್ಟದೆ, ಉಸಿರು ಎಣಿಸಬೇಕು. ಆಮೇಲೆ ಸ್ಟೆತಸ್ಕೋಪು, ಹೊಟ್ಟೆ. ಕಿವಿ, ಗಂಟಲು ಕೊನೆಗೆ. ಎಣಿಕೆ ಪೂರ್ತಿ ಒಂದು ನಿಮಿಷ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಶಿಶುಗಳಲ್ಲಿ ಕೈಕೊಡುತ್ತದೆ, ಅವುಗಳ ಉಸಿರಾಟ ಒಂದೇ ಸಮ ಇರುವುದಿಲ್ಲ. 2 ತಿಂಗಳೊಳಗೆ ನಿಮಿಷಕ್ಕೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳಿಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷಕ್ಕೆ 40 ಅಥವಾ ಹೆಚ್ಚು ಇದ್ದರೆ ವೇಗದ ಉಸಿರಾಟ, ನ್ಯುಮೋನಿಯಾದ ಸೂಚನೆ ಇರಬಹುದು. ಈ ಮೂರು ಅಂಕಿ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ತಾಯಿಗೆ ಕೋಷ್ಟಕಕ್ಕಿಂತ ಇವು ಬೇಕು.

ಈಗ ತೂಕದ ವಿಷಯ. ‘ಮಗುವಿನ ತೂಕವನ್ನು ನಿಯಮಿತವಾಗಿ ಅಳೆಯಲಾಗುತ್ತದೆ’ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಯಾರು ಅಳೆಯುತ್ತಾರೆ, ಯಾವುದರಲ್ಲಿ, ಏನು ತೊಡಿಸಿ? ಇಡೀ ಲೇಖನವನ್ನು ಇಲ್ಲಿಂದಲೇ ಶುರು ಮಾಡಬಹುದಿತ್ತು. ತಕ್ಕಡಿ ಸೊನ್ನೆಗೆ ನಿಂತಿದೆಯೇ ಎಂದು ಪ್ರತಿ ಮಗುವಿಗೆ ಮುಂಚೆ ನೋಡಬೇಕು. ತೂಕ ಗೊತ್ತಿರುವ ವಸ್ತುವನ್ನು, ಒಡೆಯದ 1 ಕೆಜಿ ಉಪ್ಪಿನ ಪ್ಯಾಕೆಟ್ಟಾದರೂ ಸರಿ, ಆಗಾಗ ಇಟ್ಟು ನೋಡಬೇಕು. ತೂಗುಹಾಕುವ ತಕ್ಕಡಿಯಾದರೆ ಮಗು ಒದೆಯುವುದು ನಿಂತ ಮೇಲೆ, ಮುಳ್ಳಿನ ಮಟ್ಟಕ್ಕೆ ಕಣ್ಣು ತಂದು ಓದಬೇಕು. ನಮ್ಮ ಮಲೆನಾಡಿನ ಅಂಗನವಾಡಿಗಳಲ್ಲಿ ಎಡವಟ್ಟು ಆಗುವುದು ಹೆಚ್ಚಾಗಿ ಬಟ್ಟೆಯಿಂದ. ಉಲ್ಲನ್ ಸ್ವೆಟರು, ಕುಲಾವಿ, ಕಾಲುಚೀಲ, ಬೆಳ್ಳಿ ಉಡುದಾರ, ಕಾಲ್ಗಡಗ ಎಲ್ಲ ಸೇರಿ ಸುಲಭವಾಗಿ 300 ಗ್ರಾಂ ದಾಟುತ್ತವೆ. ಮೂರು ತಿಂಗಳು ದಾಟಿದ ಮಗು ವರ್ಷ ತುಂಬುವವರೆಗೆ ತಿಂಗಳಿಗೆ ಸುಮಾರು 400 ಗ್ರಾಂ ಏರುತ್ತದೆ. ಜುಲೈಯಲ್ಲಿ ಸ್ವೆಟರು ಹಾಕಿ ತೂಗಿದರೆ ಏರದ ತೂಕ ಏರಿದಂತೆ ಕಾಣುತ್ತದೆ, ಮುಂದಿನ ತಿಂಗಳು ಬಿಚ್ಚಿ ತೂಗಿದರೆ ಏರಿದ ತೂಕ ಇಳಿದಂತೆ ಕಾಣುತ್ತದೆ. ಚಳಿ ಎಂದು ಬಿಚ್ಚಲು ಅಜ್ಜಿ ಒಪ್ಪದಿದ್ದರೆ ಮಗುವನ್ನು ಹಾಗೇ ತೂಗಿ, ಅಂಥದೇ ಇನ್ನೊಂದು ಜೊತೆ ಬಟ್ಟೆ ತೂಗಿ ಕಳೆಯಬಹುದು. ಅಂದಾಜಿನ ಮೇಲೆ ಕಳೆಯಬಾರದು.

‘6 ತಿಂಗಳಿಗೆ ಮಗು 6 ಕೆಜಿ ಇರಬೇಕು’ ಎಂಬ ನಿಮ್ಮ ಸಾಲು ತಪ್ಪು ದಾರಿಗೆ ಎಳೆಯುತ್ತದೆ. 2006ರ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಪ್ರಕಾರ 6 ತಿಂಗಳಿಗೆ ಗಂಡುಮಗುವಿನ ಮಧ್ಯಮ ತೂಕ 7.9 ಕೆಜಿ, ಹೆಣ್ಣುಮಗುವಿನದು 7.3. ಕಡಿಮೆ ತೂಕದ ಗೆರೆ ಗಂಡಿಗೆ 6.4, ಹೆಣ್ಣಿಗೆ 5.7. ಅಂದರೆ ನಿಮ್ಮ 6 ಕೆಜಿ ಮಗು ಹೆಣ್ಣಾದರೆ ಗೆರೆಯ ಮೇಲಿದೆ, ಗಂಡಾದರೆ ಕೆಳಗಿದೆ. ತಾಯಿ ಕಾರ್ಡಿನಲ್ಲಿ ಇಬ್ಬರಿಗೂ ಬೇರೆ ಬೇರೆ ನಕ್ಷೆ ಇರುವುದು ಇದಕ್ಕೇ. ಇನ್ನೊಂದು: ಒಂದು ಸಲದ ತೂಕಕ್ಕಿಂತ ಚುಕ್ಕಿಗಳನ್ನು ಕೂಡಿಸಿದ ಗೆರೆಯ ದಿಕ್ಕು ಹೆಚ್ಚು ಹೇಳುತ್ತದೆ. ನಕ್ಷೆಯಲ್ಲಿ ಸರಿಯಾದ ತೂಕ ತೋರಿಸುವ ಹಸಿರು ಪಟ್ಟಿಯಲ್ಲೇ ಇದ್ದು ಎರಡು ತಿಂಗಳಿಂದ 7.8 ಕೆಜಿಯಲ್ಲೇ ನಿಂತ ಮಗುವಿಗೆ ಮೊದಲು ಗಮನ ಬೇಕು. ಕೆಳಗಿದ್ದೂ ತನ್ನ ಗೆರೆಯ ಜೊತೆ ಏರುತ್ತಿರುವ ಮಗುವಿಗೆ ಅಷ್ಟು ಅವಸರವಿಲ್ಲ. ನಿಮ್ಮಲ್ಲಿ ಈ ಮಾತು ಕೊನೆಯ ಪ್ಯಾರಾದಲ್ಲಿ ಅರ್ಧ ಸಾಲಾಗಿ ಬಂದಿದೆ. ಮೇಲಕ್ಕೆ ತನ್ನಿ.

ಹುಟ್ಟಿದ ವಾರದಲ್ಲಿ ತೂಕ ಇಳಿದರೆ ‘ಎದೆಹಾಲು ಸಾಲದು ಎಂದರ್ಥ’ ಎಂದು ಬರೆದಿದ್ದೀರಲ್ಲ, ಅದನ್ನು ಹೊಡೆದುಹಾಕಿ. ದಿನ ತುಂಬಿ ಹುಟ್ಟಿದ ಮಗು ನೂರಕ್ಕೆ 7ರಿಂದ 10ರಷ್ಟು ತೂಕ ಕಳೆದುಕೊಂಡು ಎರಡು ವಾರದೊಳಗೆ ಮತ್ತೆ ಪಡೆಯುತ್ತದೆ. ನಿಮ್ಮ ಆ ಸಾಲು ಅಚ್ಚಾದರೆ ಎಷ್ಟು ಬಾಣಂತಿಯರ ಕೈಗೆ ಪುಡಿಹಾಲಿನ ಡಬ್ಬಿ ಬರುತ್ತದೋ! 10ಕ್ಕಿಂತ ಹೆಚ್ಚು ಇಳಿದರೆ, ಎರಡು ವಾರವಾದರೂ ಹುಟ್ಟಿದ ತೂಕಕ್ಕೆ ಬರದಿದ್ದರೆ ಮಗು ಮೊಲೆ ಕಚ್ಚಿ ಹಾಲು ಕುಡಿಯುವ ರೀತಿ ನೋಡಬೇಕು, ವೈದ್ಯರಿಗೆ ತೋರಿಸಬೇಕು.

ಉದ್ದದ ಬಗ್ಗೆ ಬರೆದದ್ದು ಸಾಕು. 2 ವರ್ಷದೊಳಗೆ ಮಲಗಿಸಿ, ಆಮೇಲೆ ನಿಲ್ಲಿಸಿ ಅಳೆಯುವುದು, ಮಲಗಿಸಿದಾಗ ಸುಮಾರು 0.7 ಸೆಂ.ಮೀ. ಹೆಚ್ಚು ಬರುವುದು, ಇಷ್ಟು ಸೇರಿಸಿ. ತೋಳಿನ ಸುತ್ತಳತೆಗೆ ಇನ್ನಷ್ಟು ಜಾಗ ಕೊಡಿ. ಕಾಫಿ ತೋಟದ ಲೈನ್ ಮನೆಗಳಿಗೆ ಹೊರ ರಾಜ್ಯಗಳಿಂದ ಬಂದ ಕುಟುಂಬಗಳಲ್ಲಿ ಕಾರ್ಡೂ ಇರುವುದಿಲ್ಲ, ಹುಟ್ಟಿದ ತಾರೀಖೂ ಸರಿಯಾಗಿ ಸಿಗುವುದಿಲ್ಲ. ವಯಸ್ಸಿಲ್ಲದೆ ತೂಕದ ನಕ್ಷೆ ಏನೂ ಹೇಳದು. 6ರಿಂದ 59 ತಿಂಗಳೊಳಗಿನ ಮಗು ಎಂದು ಗೊತ್ತಾದರೆ ಸಾಕು, ತೋಳಿನ ಪಟ್ಟಿ ಕೆಲಸ ಮಾಡುತ್ತದೆ. ಎಡತೋಳು, ಭುಜದ ಮೂಳೆಯ ತುದಿಗೂ ಮೊಣಕೈ ತುದಿಗೂ ನಡುವೆ, ಕೈ ಸಡಿಲವಾಗಿ ಇಳಿಬಿಟ್ಟು. 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, ಅದಕ್ಕೂ 12.5ಕ್ಕೂ ನಡುವೆ ಇದ್ದರೆ ಮಧ್ಯಮ. ಪಟ್ಟಿ ಬಿಗಿದರೆ ಅಳತೆ ತಗ್ಗುತ್ತದೆ, ಸಡಿಲ ಬಿಟ್ಟರೆ ಕಾಯಿಲೆಯ ಮಗು ಆರೋಗ್ಯವಾಗಿ ಕಾಣುತ್ತದೆ. ಎರಡನೆಯದೇ ಹೆಚ್ಚು ಅಪಾಯ.

ವಿಕಾಸದ ಮೈಲಿಗಲ್ಲುಗಳ ಪಟ್ಟಿ ನೋಡಿದರೆ ರೈಲು ವೇಳಾಪಟ್ಟಿಯ ಹಾಗಿದೆ: 3 ತಿಂಗಳಿಗೆ ಕತ್ತು ನಿಲ್ಲುವುದು, 5ಕ್ಕೆ ಬೋರಲು, 8ಕ್ಕೆ ಕೂರುವುದು, 9ಕ್ಕೆ ಅಂಬೆಗಾಲು, 12ಕ್ಕೆ ನಡಿಗೆ. ಪಕ್ಕದ ಮನೆಯ ಮಗು 11ಕ್ಕೇ ನಡೆದರೆ ಈ ಮನೆಯಲ್ಲಿ ಹರಕೆ ಶುರು. ಆರೋಗ್ಯವಂತ ಮಕ್ಕಳಲ್ಲಿ ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳು, ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳವರೆಗೆ ಹರಡಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಕೆಲವು ಮಕ್ಕಳು ಅಂಬೆಗಾಲಿಡದೆಯೇ ಎದ್ದು ನಡೆಯುತ್ತವೆ. ಆದ್ದರಿಂದ ಯಾವಾಗ ತೋರಿಸಲೇಬೇಕು ಎನ್ನುವುದನ್ನು ಖಚಿತವಾಗಿ ಬರೆಯಿರಿ: 3 ತಿಂಗಳಾದರೂ ಮುಖ ನೋಡಿ ನಗದಿದ್ದರೆ, 5 ತಿಂಗಳಿಗೂ ಕತ್ತು ನಿಲ್ಲದಿದ್ದರೆ, 10 ತಿಂಗಳಿಗೂ ಕೂರದಿದ್ದರೆ, 18 ತಿಂಗಳಿಗೂ ನಡೆಯದಿದ್ದರೆ, ಅಷ್ಟು ಹೊತ್ತಿಗೂ ಅರ್ಥವಿರುವ ಒಂದು ಮಾತೂ ಬರದಿದ್ದರೆ. ಕಲಿತದ್ದನ್ನು ಮರೆತರಂತೂ ಯಾವ ವಯಸ್ಸಾದರೂ ಸರಿ. ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಚಾಚುತ್ತಿದ್ದರೆ ‘ತಾತನ ಹಾಗೆ ಎಡಚ’ ಎಂದು ಮನೆಯವರು ಹಿಗ್ಗುತ್ತಾರೆ. ಇನ್ನೊಂದು ಕೈಯಲ್ಲಿ ಬಲ ಇದೆಯೇ ಎಂದು ಆಗ ನೋಡಿಸಬೇಕು.

ದಿನ ತುಂಬದೆ ಹುಟ್ಟಿದ ಮಕ್ಕಳನ್ನು ನೀವು ಮರೆತೇಬಿಟ್ಟಿದ್ದೀರಿ. 32 ವಾರಕ್ಕೆ ಹುಟ್ಟಿದ ಮಗುವಿಗೆ 6 ತಿಂಗಳಾದಾಗ, 40 ವಾರಕ್ಕೆ ಕಡಿಮೆ ಬಿದ್ದ 8 ವಾರ ಕಳೆದು, ಸುಮಾರು 4 ತಿಂಗಳೆಂದು ಲೆಕ್ಕ ಹಿಡಿಯಬೇಕು. ಬೆಳವಣಿಗೆಗೂ ವಿಕಾಸಕ್ಕೂ 2 ವರ್ಷದವರೆಗೆ ಇದೇ ಲೆಕ್ಕ. ಲಸಿಕೆಗೆ ಮಾತ್ರ ಹುಟ್ಟಿದ ತಾರೀಖೇ ಲೆಕ್ಕ. ಇಲ್ಲಿ ಗೊಂದಲವಾದರೆ ಲಸಿಕೆ ತಡವಾಗುತ್ತದೆ.

ಔಷಧದ ಭಾಗದಲ್ಲಿ ‘ಜ್ವರಕ್ಕೆ ಪ್ಯಾರಾಸಿಟಮಾಲ್ 5 ಮಿ.ಲೀ.’ ಎಂದಿದೆ. ಇದನ್ನು ಯಾವ ಕಾರಣಕ್ಕೂ ಅಚ್ಚು ಮಾಡುವುದಿಲ್ಲ. ಪ್ರಮಾಣ ಒಂದು ಸಲಕ್ಕೆ, ಪ್ರತಿ ಕೆಜಿ ತೂಕಕ್ಕೆ 10ರಿಂದ 15 ಮಿ.ಗ್ರಾಂ. 10 ಕೆಜಿ ಮಗುವಿಗೆ 150 ಮಿ.ಗ್ರಾಂ. ಎಂದುಕೊಳ್ಳಿ. 5 ಮಿ.ಲೀ.ಗೆ 125 ಇರುವ ಸಿರಪ್ಪಾದರೆ 6 ಮಿ.ಲೀ., 250 ಇರುವುದಾದರೆ 3 ಮಿ.ಲೀ., ಒಂದು ಮಿ.ಲೀ.ಗೇ 100 ಇರುವ ಡ್ರಾಪ್ಸ್ ಆದರೆ ಒಂದೂವರೆ ಮಿ.ಲೀ. ಮೊದಲ ಸಿರಪ್ಪಿನ 6 ಮಿ.ಲೀ. ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ 600 ಮಿ.ಗ್ರಾಂ., ಅಂದರೆ ನಾಲ್ಕು ಪಟ್ಟು ಒಳಗೆ ಹೋಗುತ್ತದೆ. ಬಾಟಲಿಯ ಮೇಲಿನ ಅಂಕಿ ಓದಿಸಿ. ಅಡುಗೆಮನೆ ಚಮಚ ಬೇಡ, ಜೊತೆಗೆ ಬರುವ ಪಿಪೆಟ್ಟು ಅಥವಾ ಮುಚ್ಚಳವೇ ಅಳತೆ. 3 ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದು, ಅಂಗಡಿಮದ್ದು ಎರಡೂ ಬೇಡ, ಸೀದಾ ಆಸ್ಪತ್ರೆಗೆ.

ಆಹಾರದ ಪ್ಯಾರಾ ಚೆನ್ನಾಗಿದೆ, ರಾಗಿ ಸರಿಯ ವಿವರವಂತೂ ಲೇಖನದಲ್ಲೇ ಜೀವ ಇರುವ ಭಾಗ. ಚಮಚ ಓರೆ ಮಾಡಿದರೆ ಸುರಿದುಹೋಗದಷ್ಟು ಗಟ್ಟಿ ಇರಬೇಕು, ನೀರುಗಂಜಿಯಿಂದ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗದು ಎಂದೂ ಸೇರಿಸಿ. ಆದರೆ ‘ಹುಟ್ಟಿದ ಕೂಸಿಗೆ ಶುದ್ಧ ಮಲೆನಾಡ ಜೇನು ನೆಕ್ಕಿಸಬಹುದು’ ಎನ್ನುವುದನ್ನು ತೆಗೆಯಿರಿ. ಜೇನು ಎಷ್ಟೇ ಶುದ್ಧವಾಗಿದ್ದರೂ ಅದರಲ್ಲಿ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಅವು ಬೆಳೆದು ವಿಷ ಬಿಟ್ಟರೆ ಮಗು ಬಲ ಕಳೆದುಕೊಂಡು ಉಸಿರಾಟಕ್ಕೂ ಕಷ್ಟವಾಗುತ್ತದೆ.

ತಿದ್ದಿದ ಪ್ರತಿ 900 ಪದ ಮೀರದಿರಲಿ. ಅಷ್ಟರಲ್ಲಿ ಎಲ್ಲವನ್ನೂ ಹೇಳಲು ಆಗದಿದ್ದರೆ ತೂಕ, ಉಸಿರಿನ ಎಣಿಕೆ, ಔಷಧದ ಅಳತೆ ಈ ಮೂರನ್ನು ಉಳಿಸಿ, ಮೈಲಿಗಲ್ಲುಗಳನ್ನು ಇನ್ನೊಂದು ಲೇಖನಕ್ಕೆ ಇಟ್ಟುಕೊಳ್ಳಿ. ನೀವು ಕಳಿಸಿದ ತಾಯಿ ಕಾರ್ಡಿನ ಫೋಟೊದಲ್ಲಿ ಮಗುವಿನ ಹೆಸರು, ಫೋನ್ ನಂಬರು ಎರಡೂ ಕಾಣುತ್ತಿವೆ. ಅದನ್ನು ಬಳಸುವುದಿಲ್ಲ, ಖಾಲಿ ಕಾರ್ಡಿನ ಮೇಲೆ ಪೆನ್ಸಿಲ್ಲಿನಲ್ಲಿ ಐದಾರು ಚುಕ್ಕಿ ಇಟ್ಟು, ಗೆರೆ ಎಳೆದು ಹೊಸದಾಗಿ ಫೋಟೊ ತೆಗೆದು ಕಳಿಸಿ.

ಇಂತಿ,
ಸಂಪಾದಕರು, ಆರೋಗ್ಯ ಪುಟ