ಮನೆಯಲ್ಲೇ ಇಬ್ಬರು ಕೂರುವ ಮರದ ಕಯಾಕ್ ಕಟ್ಟಬಹುದಾ?

ಕಟ್ಟಬಹುದು. ಕಯಾಕ್ ಅಂದ್ರೆ ಹುಟ್ಟು ಹಾಕಿ ನಡೆಸುವ ಉದ್ದನೆಯ ಸಪೂರ ದೋಣಿ. ನಾನು ಶಹಾಪುರದವನು, ಮಾಳಿಗೆ ಮೇಲೆ ಐದು ತಿಂಗಳ ಭಾನುವಾರಗಳಲ್ಲಿ ಒಂದು ಕಟ್ಟಿದ್ದೇನೆ. "ನನಗೆ ಬಡಿಗತನ ಅಷ್ಟಾಗಿ ಗೊತ್ತಿಲ್ಲ, ಕೆಲಸ ಎಲ್ಲಿ ಕೈಕೊಡುತ್ತೆ?" ಅಂತ ಕೇಳಿದ್ದೀರಿ ಅಲ್ವಾ? ಪಕ್ಕೆಲುಬಿನಲ್ಲಿ, ಅಂದ್ರೆ ದೋಣಿಯ ಹೊಟ್ಟೆಗೆ ಆಕಾರ ಕೊಡುವ ಬಾಗಿದ ಅಡ್ಡಪಟ್ಟಿಗಳಲ್ಲಿ.

ಹಳೇ ಪದ್ಧತಿಯ ಕಯಾಕ್ ಹಲಗೆ ದೋಣಿ ಅಲ್ಲ. ಒಳಗೆ ಮರದ ಹಂದರ, ಮೇಲೆ ಹೊದಿಕೆ. ಉತ್ತರ ಧ್ರುವದ ಕಡೆಯ ಜನ ಸಮುದ್ರದಲ್ಲಿ ತೇಲಿಬಂದ ಮರದಿಂದ ಹಂದರ ಕಟ್ಟಿ ಸೀಲ್ ಚರ್ಮ ಹೊದಿಸುತ್ತಿದ್ದರು. ಅಲಾಸ್ಕಾ ಕಡೆಯ ಅಲ್ಯೂಟ್ ಜನರ ಒಂದು ಬಗೆಯ ದೋಣಿಗೆ ಕೂರೋಕೆ ಎರಡು ಕುಳಿ ಇರುತ್ತಿದ್ದವು: ಹಿಂದಿನವನು ಹುಟ್ಟು ಹಾಕುತ್ತಿದ್ದ, ಮುಂದಿನವನು ಬೇಟೆ ಆಡುತ್ತಿದ್ದ. ನಮ್ಮ ಕೃಷ್ಣಾ ನದಿಯ ಹರಿಗೋಲೂ ಇದೇ ಜಾತಿ. ಬಿದಿರಿನ ಬುಟ್ಟಿ, ಮೇಲೆ ಮೊದಲು ಚರ್ಮ, ಈಗ ತಾಡಪತ್ರಿ ಮತ್ತು ಡಾಂಬರು. ಹರಿಗೋಲು ಗುಂಡಗೆ, ಕಯಾಕ್ ಉದ್ದ, ಅಷ್ಟೇ.

ಮೇಲಂಚಿನ ಎರಡು ಪಟ್ಟಿಗೆ ಗಂಟಿಲ್ಲದ ಸಾಗವಾನಿ ತಂದೆ. 18 ಅಡಿಯ ಒಂದೇ ತುಂಡು ಸಾಮಿಲ್‌ನಲ್ಲಿ ಸಿಗಲಿಲ್ಲ, ಎರಡು ತುಂಡನ್ನು ಓರೆಯಾಗಿ ಕೊಯ್ದು ಅಂಟಿಸಿದೆ. ಓರೆಯ ಉದ್ದ ಪಟ್ಟಿಯ ದಪ್ಪದ ಎಂಟು ಪಟ್ಟಾದರೂ ಇರಲಿ. ದೋಣಿಯ ಅಗಲ ಎರಡೂವರೆ ಅಡಿ ಸಾಕು. ಎರಡು ಸೀಟಿನ ನಡುವೆ ಐದು ಅಡಿ ಬಿಡಿ, ಇಲ್ಲದಿದ್ರೆ ಹುಟ್ಟಿಗೆ ಹುಟ್ಟು ಬಡಿಯುತ್ತೆ. ಮೊಳೆ ಮಾತ್ರ ಬೇಡ. ಮೇಣದ ನೈಲಾನ್ ದಾರದಿಂದ ಬಿಗಿದು ಕಟ್ಟಿ, ಅಲೆ ಬಂದಾಗ ಹಂದರ ಸ್ವಲ್ಪ ಬಾಗಬೇಕು, ಮೊಳೆ ಹೊಡೆದರೆ ಅಲ್ಲೇ ಸೀಳುತ್ತೆ.

ಈಗ ಪಕ್ಕೆಲುಬು. ಒಣಗಿದ ಸಾಗವಾನಿ ಉಳಿದಿತ್ತು, ಅದನ್ನೇ ಸೀಳಿ ಹಬೆಯಲ್ಲಿ ಬಾಗಿಸೋಣ ಅಂತ ಪಟ್ಟಿಗಳನ್ನು ಪಿವಿಸಿ ಪೈಪಿನೊಳಗಿಟ್ಟು, ಸೀಟಿ ತೆಗೆದ ಕುಕ್ಕರಿನಿಂದ ಅದಕ್ಕೆ ಹಬೆ ಬಿಟ್ಟೆ. ಮೊದಲು ಪೈಪೇ ಜೋಲುಬಿತ್ತು. ಆಮೇಲೆ 11 ಪಟ್ಟಿಯಲ್ಲಿ 9 ತಟ್ಟಂತ ಮುರಿದವು. ಒಣ ಮರಕ್ಕೆ ಎಷ್ಟು ಹಬೆ ಕೊಟ್ಟರೂ ಹಸಿ ಮರದ ಬಾಗು ಬರೋದಿಲ್ಲ, ಇದು ಮೊದಲೇ ಗೊತ್ತಿದ್ರೆ ಎರಡು ಭಾನುವಾರ ಉಳಿಯುತ್ತಿತ್ತು.

ಕೊನೆಗೆ ನದಿ ದಂಡೆಯಲ್ಲಿ ಹರಿಗೋಲು ಹೆಣೆಯುವ ಒಬ್ಬ ಕಾಕಾನ ಹತ್ತಿರ ಹೋದೆ. ಮುರಿದ ಪಟ್ಟಿ ನೋಡಿ ನಕ್ಕು, ಹಸಿ ಬಿದಿರಿನ ದಬ್ಬೆ ಸೀಳಿಕೊಟ್ಟರು, ಕಾಲಿಂಚು ದಪ್ಪ. ಒಂದನ್ನು ಬೆಂಕಿ ಮೇಲೆ ಆಡಿಸಿ, ಮೊಣಕಾಲಿಗೆ ಒತ್ತಿ, ನಿಧಾನಕ್ಕೆ ಬಾಗಿಸಿದರು. ಹಸಿರು ಸಿಪ್ಪೆ ಹೊರಗೆ, ತಿರುಳು ಒಳಗೆ. ನಾನು ಮೊದಲು ಉಲ್ಟಾ ಹಿಡಿದಿದ್ದೆ. ಬಿದಿರಿನ ಗಟ್ಟಿ ನಾರು ಸಿಪ್ಪೆ ಕಡೆಗೇ ಜಾಸ್ತಿ, ಬಾಗಿಸುವಾಗ ಎಳೆತ ಬೀಳೋದು ಹೊರಮೈಗೆ. ಜಾಸ್ತಿ ಬಾಗುವ ಜಾಗದಲ್ಲಿ ಗೆಣ್ಣು ಬರಬಾರದು. ನಮ್ಮ ಬಿಸಿಲಿಗೆ ದಬ್ಬೆ ಒಂದೇ ದಿನದಲ್ಲಿ ಒಣಗುತ್ತೆ, ಬಾಗಿಸುವ ತನಕ ನೀರಿನ ತೊಟ್ಟಿಯಲ್ಲೇ ಇಡಿ. ನನಗೆ ಸುಮಾರು 30 ಬೇಕಾದವು.

ಹೊದಿಕೆಗೆ ದಪ್ಪ ಹತ್ತಿ ಕ್ಯಾನ್ವಾಸ್, ಮೇಲೆ ಮೂರು ಕೋಟ್ ಆಯಿಲ್ ಪೇಂಟ್. ಹೊಲಿದ ಮೇಲೆ ನೀರು ಚಿಮುಕಿಸಿ, ಹತ್ತಿ ಬಿಗಿಯುತ್ತೆ, ಒಣಗಿದ ಮೇಲೆ ಬಣ್ಣ. ನೈಲಾನ್ ಇದಕ್ಕೆ ಉಲ್ಟಾ, ನೀರಲ್ಲಿ ಸಡಿಲ ಆಗುತ್ತೆ, ಅದನ್ನು ಒದ್ದೆ ಇದ್ದಾಗಲೇ ಎಳೆದು ಹೊಲಿಯಬೇಕು. ತಾಡಪತ್ರಿ ಸೋವಿ, ಆದರೆ ಹೊಲಿಗೆಯ ತೂತಿನಿಂದಲೇ ಹರಿಯುತ್ತೆ.

ಮೊದಲ ಸಲ ನಿಂತ ನೀರಿನ ಕೆರೆಯಲ್ಲಿ ಇಳಿಸಿ. ಹಿಂದೆ ಮುಂದೆ ಗಾಳಿ ತುಂಬಿದ ಟ್ಯೂಬ್ ತುರುಕಿ, ಮಗುಚಿದರೂ ಮುಳುಗೋದಿಲ್ಲ. ಲೈಫ್ ಜಾಕೆಟ್ ಇಬ್ಬರಿಗೂ. ಕೃಷ್ಣೆಗೆ ಆತುರ ಬೇಡ, ಅಲ್ಲಿ ಮೊಸಳೆ ಇವೆ, ಮಳೆಗಾಲದಲ್ಲಿ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ನದಿ ನೋಡ್ತಾ ನೋಡ್ತಾ ಏರುತ್ತೆ.

ನಮ್ಮ ಕೆರೆಯಲ್ಲಿ ಮೊದಲ ದಿನ ಹಿಂದಿನ ಕುಳಿಯಲ್ಲಿ ಕಾಕಾನನ್ನೇ ಕೂರಿಸಿದೆ. ನಡುವೆ ಬಂಡೆ ಕಂಡಿತು. ಹರಿಗೋಲು ತಿರುಗಿಸುವ ರೂಢಿಯಲ್ಲಿ ಒಂದೇ ಕಡೆ ನಾಲ್ಕು ಸಲ ಹುಟ್ಟು ಹಾಕಿದರು, ದೋಣಿ ಸ್ವಲ್ಪವೇ ತಿರುಗಿ ಮುಂದಕ್ಕೇ ಹೋಯ್ತು. "ಇದು ತಿರುಗೋದೇ ಇಲ್ಲಲ್ಲೋ ತಮ್ಮಾ!" ಅಂತ ಬೈದರು.