ಸಂಜೆ ಕ್ಲಿನಿಕ್‌ಗೆ ದುಡ್ಡು ಯಾರು ಕೊಡುತ್ತಾರೆ?

ಪ್ರಶ್ನೆ: ನಾವು ಪೀಣ್ಯದ ಗಾರ್ಮೆಂಟ್ಸ್ ಹೆಂಗಸರು. ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ಕ್ಲಿನಿಕ್ ಬಾಗಿಲು ಹಾಕಿರುತ್ತದೆ. ಸಂಜೆ ನಮ್ಮ ಬೀದಿಯಲ್ಲೇ ಬಿಪಿ, ಶುಗರ್ ನೋಡುವ ಏರ್ಪಾಡು ಮಾಡಬೇಕು ಅಂತಿದ್ದೇವೆ. ಒಬ್ಬ ನರ್ಸ್ ಒಪ್ಪಿದ್ದಾರೆ. ಬಯೋಟೆಕ್ ಕೆಲಸಕ್ಕೆ ನೆರವು ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಬೈರಾಕ್‌ನವರು 50 ಲಕ್ಷದವರೆಗೂ ಕೊಡುತ್ತಾರಂತೆ, ಹೌದಾ ಸಾರ್?
– ಹೆಸರು ಬೇಡ, ಬೆಂಗಳೂರು

ಉತ್ತರ: ಕೊಡುತ್ತಾರೆ, ಆದರೆ ಅದು ನಿಮಗಲ್ಲಮ್ಮ. ಬೈರಾಕ್‌ನ ‘ಬಿಗ್’ ಅನುದಾನ ಹೊಸ ಸಾಧನ, ಹೊಸ ತಂತ್ರಜ್ಞಾನ ಮಾಡಹೊರಟವರಿಗೆ. ನಿಮ್ಮದು ಸೇವೆ. ದುಡ್ಡಿಗಾಗಿ ಸುಮ್ನೆ ಒಂದು ಆ್ಯಪ್ ಅಂಟಿಸಬೇಡಿ.

ನಿಮಗೆ ಹೊಂದುವುದು ಸಿಎಸ್‌ಆರ್, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗಾಗಿ ಕೊಡುವ ಹಣ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. ಸುತ್ತಮುತ್ತಲ ಜಾಗಕ್ಕೆ ಆದ್ಯತೆ ಕೊಡಿ ಎಂದೂ ಅದರಲ್ಲಿದೆ. ಪೀಣ್ಯದಲ್ಲಿ ಕಾರ್ಖಾನೆಗಳಿಗೇನು ಬರವಾ? ಆದರೆ ಹಣ ಪಡೆಯುವ ಸಂಸ್ಥೆಗೆ ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಇರಬೇಕು. ಅದಕ್ಕೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಜೊತೆಗೆ ಮೂರು ವರ್ಷದ ಕೆಲಸದ ದಾಖಲೆಯೂ ಬೇಕು. ಇವೆಲ್ಲ ಇರುವ ಟ್ರಸ್ಟ್ ಒಂದನ್ನು ಜೊತೆ ಮಾಡಿಕೊಳ್ಳಿ.

ಇನ್ನು ಅರ್ಜಿಯಲ್ಲಿ ಬರೆಯುವ ಬಜೆಟ್. ಗ್ಲುಕೋಮೀಟರ್ ಒಂದು ಸಲದ ಖರ್ಚು. ಸ್ಟ್ರಿಪ್ ಹಾಗಲ್ಲ, ಬೆರಳು ಚುಚ್ಚಿದಾಗಲೆಲ್ಲ ಒಂದು ಹೋಗುತ್ತದೆ. ಚುಚ್ಚುವ ಸೂಜಿ, ಲ್ಯಾನ್ಸೆಟ್ಟೂ ಅಷ್ಟೇ. ನಾನು ಓದಿದ ಎಷ್ಟೋ ಅರ್ಜಿಗಳಲ್ಲಿ ಉದ್ಘಾಟನೆಯ ಶಾಮಿಯಾನಕ್ಕೆ ಲೆಕ್ಕ ಇರುತ್ತದೆ, ಸ್ಟ್ರಿಪ್‌ಗೆ ಇರುವುದಿಲ್ಲ! ನರ್ಸ್ ಸಂಬಳವನ್ನೂ ಹಾಕಿ, ಪುಕ್ಕಟೆ ಸೇವೆ ಜಾಸ್ತಿ ದಿನ ನಡೆಯಲ್ಲ, ಅಲ್ವಾ? ಶುಗರ್ ಏರಿದವರನ್ನು ಯಾವ ಆಸ್ಪತ್ರೆಗೆ ಕಳಿಸುತ್ತೀರಿ ಎಂಬುದನ್ನು ಮೊದಲ ಪುಟದಲ್ಲೇ ಬರೆಯಿರಿ.